ಹೊಂಡವಿಲ್ಲದ ನ್ಯಾಯಸ್ಥಾನ

ನೇಕಾರರ ಊರೊಂದರಲ್ಲಿ ನಂಜಯ್ಯ ಎಂಬವನಿದ್ದ. ನೇಯ್ಗೆ ಒಳ್ಳೆಯದು, ಕುಡಿತ ಕೆಟ್ಟದ್ದು. ಒಂದು ಸಂಜೆ ಅಮಲಿನಲ್ಲಿ ನೆರೆಮನೆಯ ಈರಮ್ಮನ ಮಗ್ಗವನ್ನು ಮುರಿದುಹಾಕಿದ.

ಊರಿನ ನ್ಯಾಯಸ್ಥಾನದಲ್ಲಿ ಆಪಾದಿತ ನಿಲ್ಲಲು ಎದೆಮಟ್ಟದ ಹೊಂಡವಿತ್ತು. ನ್ಯಾಯಾಧಿಕಾರಿಯ ಪೀಠ ಒಂಬತ್ತು ಮೆಟ್ಟಿಲು ಮೇಲೆ. ಎರಡು ಸಲ ವಿಚಾರಣೆ ನಡೆಯಿತು. ಎರಡು ಸಲವೂ ನಂಜಯ್ಯನಿಗೆ ಕಂಡದ್ದು ಜನರ ಕಾಲುಗಳು ಮಾತ್ರ. ಅವನು ಬಾಯಿಬಿಡಲಿಲ್ಲ.

"ಕಲ್ಲೆದೆಯವನು" ಎಂದರು ಜನ. ಮೂರನೆಯ ಸಲವೂ ಸುಮ್ಮನಿದ್ದರೆ ಗಡೀಪಾರು.

ಅಷ್ಟರಲ್ಲಿ ಹಳೆಯ ಕಟ್ಟಡದ ಗೋಡೆ ಬಿರುಕುಬಿಟ್ಟಿತು. ಹೊಸದನ್ನು ಕಟ್ಟಲು ಗವಿಯಪ್ಪ ಮೇಸ್ತ್ರಿ ಬಂದ. ಹಳೆಯದರಂತೆಯೇ ನೆಲದ ಮೇಲೆ ಸುಣ್ಣದ ಗೆರೆ ಎಳೆದ. ಆ ಊರಿನಲ್ಲೊಂದು ಪದ್ಧತಿಯಿತ್ತು. ಒಳಗೆ ಇರಬೇಕಾದವರು ಮೊದಲು ಗೆರೆಯೊಳಗೆ ನಡೆದು ಒಪ್ಪಬೇಕು. ಆಮೇಲೆ ಗುದ್ದಲಿ.

ನ್ಯಾಯಾಧಿಕಾರಿ ನಡೆದು ನೋಡಿದರು. "ಚೆನ್ನಾಗಿದೆ. ಅಗೆಯಿರಿ."

"ಇನ್ನೊಬ್ಬರು ಬಾಕಿ, ಬುದ್ಧಿ" ಎಂದ ಗವಿಯಪ್ಪ.

"ಯಾರು?"

"ಹೊಂಡದಲ್ಲಿ ನಿಲ್ಲೋನು. ತಾವು ಒಪ್ಪಿದ್ದು ತಮ್ಮ ಪೀಠಾನ. ಅವನ ಜಾಗಾನ ಅವನೇ ಒಪ್ಪಬೇಕು."

ನೆರೆದವರು ನಕ್ಕರು. "ನಾಳೆ ಕಳ್ಳನ್ನ ಕೇಳಿ ನಮ್ಮನೆಗೆ ಬಾಗಿಲಿಡು ಮೇಸ್ತ್ರಿ!"

ನ್ಯಾಯಾಧಿಕಾರಿ ನಗಲಿಲ್ಲ. ನಂಜಯ್ಯನನ್ನು ಕರೆಸಿದರು.

ಹೊಂಡಕ್ಕೆಂದು ಗುರುತು ಹಾಕಿದ ಚೌಕದಲ್ಲಿ ಅವನು ನಿಂತ. ಹೊಂಡವನ್ನು ಇನ್ನೂ ಅಗೆದಿರಲಿಲ್ಲ, ಪೀಠ ಇನ್ನೂ ಎದ್ದಿರಲಿಲ್ಲ. ತಲೆಯೆತ್ತಿದರೆ ನೆರೆದವರ ನಡುವೆ ಎದುರಿಗೇ ಈರಮ್ಮ. ಮಗ್ಗವಿಲ್ಲದೆ ಹೊಲದಲ್ಲಿ ಕಳೆ ಕಿತ್ತು ಅವಳ ಬೆರಳುಗಳು ಒಡೆದಿದ್ದವು. ಅಂಥ ಬೆರಳಿಗೆ ರೇಷ್ಮೆಯ ಎಳೆ ಸಿಕ್ಕಿಕೊಳ್ಳುತ್ತದೆ. ನೇಕಾರನಿಗೆ ಅದನ್ನು ಯಾರೂ ಹೇಳಬೇಕಿರಲಿಲ್ಲ.

"ಅಕ್ಕಾ, ಮುರಿದೋನು ನಾನೇ" ಎಂದ. "ಹೊಸ ಮಗ್ಗ ಕಟ್ಟಿಕೊಡ್ತೀನಿ. ಅಲ್ಲೀತನಕ ನನ್ನ ಮಗ್ಗದಲ್ಲಿ ನೇಯಿ."

"ಕುಡಿಯೋದು?" ಎಂದಳು ಈರಮ್ಮ.

"ಬಿಡ್ತೀನಿ ಅನ್ನೋಕೇ ಹೆದರಿಕೆ. ಒಬ್ಬನ ಕೈಲಿ ಆಗಲ್ಲ."

ಈರಮ್ಮ ತನ್ನ ಮನೆಯ ಕಡೆ ಕೈ ತೋರಿಸಿದಳು. "ಸಂಜೆಯಾದರೆ ನಮ್ಮ ಜಗಲಿಗೆ ಬಾ. ನೂಲು ಸುತ್ತುವೆಯಂತೆ. ಸುಮ್ಮನೆ ಕೂತರೆ ಬೈತೀನಿ, ಅದು ಗೊತ್ತಿರಲಿ."

ನ್ಯಾಯಾಧಿಕಾರಿ ಹೊಂಡದ ಗೆರೆಯನ್ನು ತಮ್ಮ ಕಾಲಿನಿಂದಲೇ ಅಳಿಸಿದರು. "ಮೇಸ್ತ್ರಿ, ಇಲ್ಲೊಂದು ಬೆಂಚು ಹಾಕು. ನನ್ನ ಪೀಠಕ್ಕೆ ಒಂದೇ ಮೆಟ್ಟಿಲು ಸಾಕು."

ಕಟ್ಟಡ ಮುಗಿಯುವ ಹೊತ್ತಿಗೆ ಈರಮ್ಮನ ಮನೆಯಲ್ಲಿ ಹೊಸ ಮಗ್ಗದ ಸದ್ದು ಕೇಳುತ್ತಿತ್ತು. ಹೊಸ ನ್ಯಾಯಸ್ಥಾನದ ಬಾಗಿಲು ತೆರೆದ ದಿನ ನಂಜಯ್ಯ ತಾನೇ ನೇಯ್ದ ಜಮಖಾನ ತಂದ.

"ನನಗೇನಯ್ಯ?" ಎಂದರು ನ್ಯಾಯಾಧಿಕಾರಿ.

"ಅಲ್ಲ ಬುದ್ಧಿ. ನಾಳೆ ನನ್ನ ಜಾಗಕ್ಕೆ ಬರೋರಿಗೆ." ಅದನ್ನು ಬೆಂಚಿನ ಮೇಲೆ ಹಾಸಿದ.

ಗವಿಯಪ್ಪ ಹತ್ತಿರ ಬಂದು ಕೇಳಿದ: "ಅವತ್ತು ನೀನು ಹೇಳಲೇ ಇಲ್ಲವಲ್ಲ. ಜಾಗ ಒಪ್ಪಿಗೇನಾ?"

ನಂಜಯ್ಯ ಬೆಂಚಿನ ಕಡೆ ತಿರುಗಿದ. ಕೈ ಮುಗಿದು ನಿಂತ. ಈ ಸಲದ ಮೌನವನ್ನು ಯಾರೂ ಕಲ್ಲೆದೆ ಎನ್ನಲಿಲ್ಲ.

ನೀತಿ: ತಪ್ಪು ಮಾಡಿದವನನ್ನು ಹೊಂಡದಲ್ಲಿ ನಿಲ್ಲಿಸಿದರೆ ಅವನಿಗೆ ತನ್ನ ಅವಮಾನ ಮಾತ್ರ ಕಾಣುತ್ತದೆ. ಸಮನೆಲದಲ್ಲಿ ನಿಲ್ಲಿಸಿದರೆ, ತನ್ನಿಂದ ಇನ್ನೊಬ್ಬರಿಗಾದ ನೋವು ಕಾಣುತ್ತದೆ. ತಿದ್ದಿಕೊಳ್ಳುವುದು ಅಲ್ಲಿಂದ ಶುರು.