ಅತ್ತಮೊಗದಮ್ಮನ ಗುಡ್ಡ

ಸಿಂಗನಕೋಟೆ ವಿಧಾನಸಭಾ ಕ್ಷೇತ್ರದ ಮೂಡಣ ಅಂಚಿನಲ್ಲಿ, ಜಾಲಿಮುಳ್ಳಿನ ಬಯಲು ದಾಟಿದ ಮೇಲೆ, ತೋಪಿನಹಟ್ಟಿ ಎಂಬ ಊರಿದೆ. ಹೆಸರಿನಲ್ಲಿ ತೋಪು ಇದೆಯೇ ಹೊರತು ಊರಿನಲ್ಲಿ ಇಲ್ಲ. ಊರ ಹಿಂದೆ ಒಂದು ಬೋಳುಗುಡ್ಡ, ಅದರ ಬುಡದಲ್ಲಿ ಕಲ್ಲುಮೆಟ್ಟಿಲಿನ ಪುಟ್ಟ ಕಲ್ಯಾಣಿ, ನೆತ್ತಿಯ ಮೇಲೆ ಕೈ ಎತ್ತಿದರೆ ಸೂರು ತಾಗುವಷ್ಟು ಕುಳ್ಳಗಿನ ಗುಡಿ. ಗುಡಿಯೊಳಗೆ ಬಗ್ಗಿ ನೋಡಿದವರಿಗೆ ದೇವಿಯ ಮುಖ ಕಾಣುವುದಿಲ್ಲ. ಕಾಣುವುದು ಅವಳ ಬೆನ್ನು. ಅದೂ ಉಳಿ ತಾಗದ ಒರಟು ಕಲ್ಲು. ಆ ಭಾಗವನ್ನು ಯಾರಾದರೂ ನೋಡುತ್ತಾರೆಂದು ಕೆತ್ತಿದ ಶಿಲ್ಪಿ ಕನಸಿನಲ್ಲೂ ಎಣಿಸಿರಲಿಲ್ಲ. ಅಂಥ ಕಲ್ಲಿಗೆ ಜರಿಯಂಚಿನ ಸೀರೆ ಉಡಿಸಿ, ಕುಂಕುಮ ಬಳಿದು, ನಿಂಬೆಹಣ್ಣಿನ ಹಾರ ಹಾಕಿದ್ದಾರೆ. ಚುನಾವಣೆ ಬಂತೆಂದರೆ ಸಾಕು, ಕ್ಷೇತ್ರದಲ್ಲಿ ಟಿಕೆಟ್ ಸಿಕ್ಕವರು, ಸಿಗದೆ ಮುನಿಸಿಕೊಂಡು ನಿಂತವರು ಎಲ್ಲರೂ ನಾಮಪತ್ರ ಸಲ್ಲಿಸುವ ಮುಂಚೆ ಇಲ್ಲಿಗೆ ಏದುಸಿರು ಬಿಡುತ್ತಾ ಹತ್ತಿ ಬಂದು, ಆ ಬೆನ್ನಿಗೆ ಅಡ್ಡಬಿದ್ದು, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ದೇವಿ ಅತ್ತ ಏಕೆ ತಿರುಗಿದ್ದಾಳೆ ಎಂದು ಅವರಲ್ಲಿ ಒಬ್ಬನೂ ಇಂದಿನವರೆಗೆ ಕೇಳಿಲ್ಲ. ಅವರು ಕೇಳದಿದ್ದರೂ ನಾನು ಹೇಳುತ್ತೇನೆ.

ಈ ಗುಡ್ಡಕ್ಕೆ ಮೊದಲು ನ್ಯಾಯದಮ್ಮನ ಗುಡ್ಡ ಎಂಬ ಹೆಸರಿತ್ತು. ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ದಳವಾಯಿಯೊಬ್ಬ ಕುರುಬರವನ ಎತ್ತುಗಳನ್ನು ಹೊಡೆದುಕೊಂಡು ಬಂದು, ಇವು ನನ್ನವೇ ಎಂದು ಅಮ್ಮನ ಮುಂದೆ ಸುಳ್ಳು ಆಣೆ ಇಟ್ಟನಂತೆ. ಗುಡ್ಡ ಇಳಿದು ಕಲ್ಯಾಣಿಯ ಬಳಿ ಬರುವಷ್ಟರಲ್ಲಿ ಅವನ ಎರಡೂ ಕಣ್ಣು ಮಂಜಾಗಿ, ತಾನು ಕದ್ದ ಎತ್ತಿನ ಬಾಲ ಹಿಡಿದುಕೊಂಡೇ ಮನೆ ಸೇರಿದ ಎನ್ನುತ್ತಾರೆ. ಅಂದಿನಿಂದ ಸುತ್ತಲಿನ ಹಟ್ಟಿಗಳಿಗೆಲ್ಲ ಅಮ್ಮನೇ ಕೋರ್ಟು. ಬದುವಿನ ಜಗಳವಿರಲಿ, ಕುರಿ ಕಳವಿರಲಿ, ತಾಳ ತಪ್ಪಿದ ಸಂಸಾರವಿರಲಿ, ಪಂಚರು ಕೂತು ಬಗೆಹರಿಯದಿದ್ದರೆ ಆಣೆಗೆ ಬಿಡುತ್ತಿದ್ದರು. ಆಣೆಯ ಕಟ್ಟಳೆ ಕಠಿಣವಾಗಿತ್ತು. ಕಲ್ಯಾಣಿಯಲ್ಲಿ ಮುಳುಗಿ, ಒದ್ದೆ ಬಟ್ಟೆಯಲ್ಲೇ ಮೆಟ್ಟಿಲು ಹತ್ತಿ, ಅಮ್ಮನ ಕಣ್ಣಲ್ಲಿ ಕಣ್ಣಿಟ್ಟು, ಉರಿಯುವ ಕರ್ಪೂರವನ್ನು ಬರಿಯ ಅಂಗೈಯಿಂದ ಆರಿಸಬೇಕು. ಸುಳ್ಳುಗಾರರು ಸಾಮಾನ್ಯವಾಗಿ ಕಲ್ಯಾಣಿಯ ನೀರು ಮೊಣಕಾಲಿಗೆ ಬರುವಷ್ಟರಲ್ಲೇ ತಪ್ಪೊಪ್ಪಿಕೊಂಡು ವಾಪಸಾಗುತ್ತಿದ್ದರು. ಹೀಗೆ ವಕೀಲರ ಕೈಗೆ ಬೀಳದೆ, ಕಚೇರಿಯ ಕಂಬ ಸುತ್ತದೆ, ಹಲವು ತಲೆಮಾರು ಈ ಬಡ ಹಟ್ಟಿಗಳು ನೆಮ್ಮದಿಯಾಗಿ ಬಾಳಿದವು. ಇದ್ದ ಒಂದು ಒಳ್ಳೆಯದನ್ನೂ ಉಳಿಸಿಕೊಳ್ಳಲು ನಮ್ಮವರಿಗೆ ಯೋಗ್ಯತೆ ಸಾಲಲಿಲ್ಲ.

ರಾಜರು ಹೋಗಿ ಓಟು ಬಂದ ಹೊಸತರಲ್ಲಿ ತೋಪಿನಹಟ್ಟಿಯಲ್ಲಿ ತಿಪ್ಪವ್ವ ಎಂಬ ವಿಧವೆ ಇದ್ದಳು. ಗಂಡ ಬಿಟ್ಟುಹೋದದ್ದು ಒಂದು ತುಂಡು ಹೊಲ, ಅದರ ಮೂಲೆಯಲ್ಲಿ ಒಂದು ಸೇದುವ ಬಾವಿ, ಒಬ್ಬ ಎಳೆಯ ಮಗಳು. ಬಾವಿಯ ನೀರಿನಿಂದ ಸೇವಂತಿಗೆ ಬೆಳೆದು, ಸಿಂಗನಕೋಟೆಯ ಸಂತೆಗೆ ಹೊತ್ತು ಮಾರಿ ಅವಳು ಬದುಕುತ್ತಿದ್ದಳು. ಗಂಡನ ದೊಡ್ಡಪ್ಪನ ಮಗ ಬೊಮ್ಮಲಿಂಗನಿಗೆ ಆ ಬಾವಿಯ ಮೇಲೆ ಕಣ್ಣು. ತಮ್ಮ ಸಾಯುವ ಮುಂಚೆ ಬಾವಿಯನ್ನು ನನಗೇ ಬಾಯಿಮಾತಿನಲ್ಲಿ ಕೊಟ್ಟಿದ್ದ ಎಂದು ಅವನು ಹುಯಿಲೆಬ್ಬಿಸಿದ. ಕೊಟ್ಟದ್ದಕ್ಕೂ ಸಾಕ್ಷಿಯಿಲ್ಲ, ಕೊಡದಿದ್ದುದಕ್ಕೂ ಸಾಕ್ಷಿಯಿಲ್ಲ. ತಿಪ್ಪವ್ವ ಒಂದಿಷ್ಟೂ ಅಳುಕಲಿಲ್ಲ. ಪಂಚರ ಮುಂದೆ ಸೆರಗು ಸಿಕ್ಕಿಸಿ ನಿಂತು, “ಭಾವ ಅಮ್ಮನ ಮುಂದೆ ಆಣೆ ಇಕ್ಲಿ. ಇಕ್ಕಿದ್ರೆ ಬಾವಿ ಅವಂದೇ, ನಾ ಒಂದ್ ಮಾತೂ ಆಡಾಕಿಲ್ಲ” ಎಂದಳು. ಬೊಮ್ಮಲಿಂಗ ಅಂಥ ಆಣೆ ಇಡುವ ಎದೆಯವನಲ್ಲ ಎಂದು ಅವಳಿಗೆ ಗೊತ್ತಿತ್ತು, ಊರಿಗೂ ಗೊತ್ತಿತ್ತು, ಬೊಮ್ಮಲಿಂಗನಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಅವನು ತಲೆ ಕೆರೆದುಕೊಳ್ಳುತ್ತಾ, ಓಟಿನ ಗದ್ದಲ ಮುಗಿಯಲಿ, ಆಮೇಲೆ ನೋಡೋಣ ಎಂದು ಗಡುವು ಕೇಳಿದ. ಪಂಚರು ಒಪ್ಪಿದರು.

ಆ ಸಲ ಕ್ಷೇತ್ರದಲ್ಲಿ ಇಬ್ಬರ ನಡುವೆ ಹಣಾಹಣಿ. ಒಬ್ಬ ಎಣ್ಣೆಗಾಣದ ಸಾಹುಕಾರ ರುದ್ರಮುನಿಯಪ್ಪ, ಇನ್ನೊಬ್ಬ ಸಿಂಗನಕೋಟೆಯ ವಕೀಲ ಶ್ರೀಕಂಠಯ್ಯ. ಇಬ್ಬರಲ್ಲಿ ಯಾರು ಮೇಲು ಎಂದು ಕೇಳಬೇಡಿ. ಹೆಗ್ಗಣ ಮೇಲೋ ಇಲಿ ಮೇಲೋ ಎಂದು ಕಣಜವನ್ನು ಕೇಳಿದ ಹಾಗಾಗುತ್ತದೆ. ಸಾಹುಕಾರ ಮನೆಗೊಂದು ತಾಮ್ರದ ಬಿಂದಿಗೆ ಹಂಚಲು ನಿಶ್ಚಯಿಸಿದ. ಕೊಡುವುದೇನೋ ಸರಿ, ಆದರೆ ಪರದೆಯ ಮರೆಯಲ್ಲಿ ಹೋದ ಕೈ ಯಾರಿಗೆ ಓಟು ಹಾಕಿತೆಂದು ತಿಳಿಯುವುದು ಹೇಗೆ? ಗುಟ್ಟಿನ ಮತದಾನದ ಕಾನೂನು ಮಾಡಿದವರನ್ನು ಬೈಯುತ್ತಾ ಕುಳಿತಿದ್ದ ಅವನಿಗೆ ಯಾರೋ ಪುಣ್ಯಾತ್ಮ ನ್ಯಾಯದಮ್ಮನ ಸುದ್ದಿ ಹೇಳಿದ. ಮರುದಿನವೇ ಗಾಡಿಯ ತುಂಬ ಬಿಂದಿಗೆ ಗುಡ್ಡದ ಬುಡಕ್ಕೆ ಬಂತು. ನನ್ನ ಓಟು ಸಾಹುಕಾರನಿಗೇ ಎಂದು ಅಮ್ಮನ ಮುಂದೆ ಆಣೆ ಇಟ್ಟು ಬಿಂದಿಗೆ ಒಯ್ಯುವುದು ಕರಾರು. ಊರಿಗೆ ಊರೇ ಸಾಲುಗಟ್ಟಿತು. ಒಬ್ಬೊಬ್ಬರೂ ಕಲ್ಯಾಣಿಯಲ್ಲಿ ಮುಳುಗಿ ಹತ್ತುವುದೆಂದರೆ ಸಂಜೆಯಾದರೂ ಮುಗಿಯದು, ಪರಸ್ಥಳದ ಗಂಡಸರ ಮುಂದೆ ಒದ್ದೆ ಸೀರೆಯಲ್ಲಿ ನಿಲ್ಲಲು ಹೆಂಗಸರಿಗೂ ಸಂಕೋಚ. ಸಾಹುಕಾರನ ಗುಮಾಸ್ತ ಮುಳುಗುವುದೆಲ್ಲ ಬೇಡ ಎಂದ. ಎಲ್ಲರೂ ಒಣಬಟ್ಟೆಯಲ್ಲೇ ಕರ್ಪೂರ ಆರಿಸಿ ಬಿಂದಿಗೆ ಹೊತ್ತರು. ಕರ್ಪೂರ ಹಚ್ಚಿ ಕೊಟ್ಟವಳು ಪೂಜಾರಿಣಿ ಸಿರಿಯಮ್ಮ. ಅವಳಿಗೂ ಒಂದು ಸೀರೆ ಸಿಕ್ಕಿತು.

ವಾರ ಕಳೆಯುವಷ್ಟರಲ್ಲಿ ವಕೀಲನ ಗಾಡಿ ಬಂತು. ಅವನದು ಹಿತ್ತಾಳೆಯ ಬಿಂದಿಗೆ, ತುಸು ದೊಡ್ಡದು. ಕರಾರು ಮಾತ್ರ ಅದೇ. ಹಟ್ಟಿಯ ಜನ ಒಂದು ಗಳಿಗೆ ಪೇಚಿಗೆ ಸಿಕ್ಕಿದರು. ಒಂದೇ ಬಾಯಲ್ಲಿ ಎರಡು ಆಣೆ ಹೇಗೆ? ಆಗ ಊರ ಯಜಮಾನ ಕಟ್ಟೆಯ ಮೇಲೆ ಕೂತು, ಎಲೆಯಡಿಕೆ ಜಗಿಯುತ್ತಾ, ಹಿರಿಯರ ಕಟ್ಟಳೆಯನ್ನೇ ಎತ್ತಿ ತೋರಿಸಿದ. “ಒಣಬಟ್ಟೇಲಿ ಇಕ್ಕಿದ್ದು ಆಣೇನೇ ಅಲ್ಲ ಕಣ್ರಪ್ಪ. ಮೊದ್ಲಿಂದೂ ಒಣಗೇ ಐತೆ, ಇದೂ ಒಣಗೇ ಇರ್ಲಿ. ಹೋಗಿ ತಗಳ್ರಿ.” ಎಂಥ ಧರ್ಮಸೂಕ್ಷ್ಮ! ದೇವಿಯ ಕಣ್ಣು ತಪ್ಪಿಸಲು ಮೈ ಒಣಗಿಸಿಕೊಂಡರೆ ಸಾಕು ಎಂದು ಕಂಡುಹಿಡಿದ ಆ ಮಹಾನುಭಾವನಿಗೆ ಜನ ಜೈ ಎಂದರು. ಎರಡನೆಯ ಸಾಲೂ ಗುಡ್ಡ ಹತ್ತಿತು. ತಿಪ್ಪವ್ವನೂ ಹತ್ತಿದಳು. ಎಲ್ಲರೂ ತರುವಾಗ ತಾನೊಬ್ಬಳು ಯಾಕೆ ಬಿಡಬೇಕು, ಮಗಳ ಮದುವೆಗಾದರೂ ಆದೀತು ಎಂದು ಅವಳು ಎಣಿಸಿದಳು. ಅವಳ ಗುಡಿಸಲಿನಲ್ಲಿ ತಾಮ್ರದ್ದೊಂದು, ಹಿತ್ತಾಳೆಯದೊಂದು ಬಿಂದಿಗೆ ಬೆಳಗಿ ಕೂತವು. ಸಿರಿಯಮ್ಮನಿಗೆ ಎರಡನೆಯ ಸೀರೆಯೂ ಬಂತು.

ಓಟು ಮುಗಿದು ಸಾಹುಕಾರ ಗೆದ್ದ. ಯಾರ ಆಣೆಯಿಂದ ಗೆದ್ದನೋ ಅಮ್ಮನೇ ಬಲ್ಲಳು. ಗಡುವು ತೀರಿದ ಮಂಗಳವಾರ ಪಂಚರು ಬೊಮ್ಮಲಿಂಗನನ್ನು ಆಣೆಗೆ ಕರೆದರು. ಅವನು ಬರಲಾರ ಎಂದೇ ತಿಪ್ಪವ್ವ ಬೆಳಗ್ಗೆ ಸೇವಂತಿಗೆ ಪಾತಿಗೆ ನೀರು ಬಿಟ್ಟು ಬಂದಿದ್ದಳು. ಬೊಮ್ಮಲಿಂಗ ಬಂದ. ಕಟ್ಟಳೆಯಲ್ಲಿ ಒಂದಿಷ್ಟೂ ಲೋಪವಿಲ್ಲದಂತೆ ಕಲ್ಯಾಣಿಯಲ್ಲಿ ಮುಳುಗಿ, ತೊಟ್ಟಿಕ್ಕುವ ಪಂಚೆಯಲ್ಲಿ ಮೆಟ್ಟಿಲು ಹತ್ತಿ, ಅಮ್ಮನ ಕಣ್ಣನ್ನೇ ನೋಡುತ್ತಾ ಬಾವಿ ನನ್ನದು ಎಂದು ಹೇಳಿ ಕರ್ಪೂರವನ್ನು ಅಂಗೈಯಿಂದ ಒರೆಸಿಬಿಟ್ಟ. ನೆರೆದವರೆಲ್ಲ ಬೆಪ್ಪಾದರು. ತಿಪ್ಪವ್ವ ಕೂಗಿಕೊಂಡಳು: “ಒದ್ದೆ ಬಟ್ಟೇಲಿ ನಿಂತು ಸುಳ್ಳಾಡ್ತೀಯಲ್ಲೋ ಭಾವ, ಅಮ್ಮ ನೋಡ್ತಾವ್ಳೆ!”

ಬೊಮ್ಮಲಿಂಗ ಪಂಚೆ ಹಿಂಡಿಕೊಳ್ಳುತ್ತಾ ತಣ್ಣಗೆ ಹೇಳಿದ: “ಅವತ್ತೂ ನೋಡ್ತಿದ್ಲು ಕಣವ್ವ. ಎರಡು ಸಲ ಇಕ್ಕಿದ್ಯಲ್ಲ, ನಿನ್ ಕಣ್ಣು ಹೋಯ್ತಾ? ಬಟ್ಟೆ ಒದ್ದೆಯೋ ಒಣಗೋ, ಅಮ್ಮಂಗೇನ್ ಆಗ್ಬೇಕು? ನಾನೂ ಅದ್ನೇ ನೋಡಿ ಧೈರ್ಯ ತಂದ್ಕಂಡೆ.” ತಿಪ್ಪವ್ವ ಪಂಚರ ಕಡೆ ನೋಡಿದಳು. ಅವರ ಮನೆಗಳಲ್ಲೂ ಎರಡೆರಡು ಬಿಂದಿಗೆ ಇದ್ದವು, ಹಾಗಾಗಿ ಅವರು ಗುಡಿಯ ಸೂರನ್ನು ನೋಡುತ್ತಿದ್ದರು. ಇಡೀ ಕ್ಷೇತ್ರದಲ್ಲಿ ಆ ದಿನ ನಿಜ ನುಡಿದವನು ಬೊಮ್ಮಲಿಂಗ ಒಬ್ಬನೇ ಎಂದು ಹೇಳಲು ನನಗೆ ಹೇಸಿಗೆಯಾಗುತ್ತದೆ, ಆದರೆ ಸಂಗತಿ ಹಾಗೇ ಇದೆ. ಅಂದೇ ಮಧ್ಯಾಹ್ನ ಅವನು ಬಾವಿಗೆ ಮುಳ್ಳಿನ ಬೇಲಿ ಹಾಕಿದ. ತಿಪ್ಪವ್ವನ ಮನೆಯಲ್ಲಿ ಎರಡು ಬಿಂದಿಗೆ ಇದ್ದವು, ಸೇದಲು ಬಾವಿ ಇರಲಿಲ್ಲ.

ಶುಕ್ರವಾರ ಸಾಹುಕಾರ ಗೆಲುವಿನ ಊಟ ಹಾಕಿಸಿದ. ಹಟ್ಟಿಯ ಜನ, ಅವನಿಗೆ ಓಟು ಹಾಕಿದವರೂ ಹಾಕದವರೂ, ಮುಂಜಾನೆಯೇ ಗಾಡಿ ಕಟ್ಟಿ ಸಿಂಗನಕೋಟೆಗೆ ಹೋದರು. ಊರಿನಲ್ಲಿ ಉಳಿದವರು ಸಿರಿಯಮ್ಮ ಮತ್ತು ತಿಪ್ಪವ್ವ. ನಡುಹಗಲಿನಲ್ಲಿ ತಿಪ್ಪವ್ವ ಎರಡು ಬಿಂದಿಗೆಯನ್ನೂ ಹೊತ್ತು ಗುಡ್ಡ ಹತ್ತಿದಾಗ ಸಿರಿಯಮ್ಮ ಗುಡಿಯ ಬಾಗಿಲಲ್ಲಿ ಕೂತಿದ್ದಳಂತೆ. ತಿಪ್ಪವ್ವ ಅಳುತ್ತಾ, “ನನ್ ಬಾವೀನ ನಾನೇ ಕೈಯಾರೆ ಮುಚ್ಕಂಡೆ ಕಣತ್ತೆ” ಎಂದಳು. “ನೀನೊಬ್ಳೇ ಅಲ್ಲ ಬಿಡು, ಕರ್ಪೂರ ಹಚ್ಚಿದ್ ಕೈ ನಂದು. ಇನ್ ಈ ಜನದ್ ಮುಖ ನೋಡೋ ಕರ್ಮ ಅವಳಿಗ್ಯಾಕೆ?” ಎಂದು ಸಿರಿಯಮ್ಮ ಎದ್ದಳು ಎನ್ನುತ್ತಾರೆ. ಮಧ್ಯಾಹ್ನದ ಮೇಲೆ ಹೋಳಿಗೆ ತಿಂದು ತೇಗುತ್ತಾ ಬಂದ ಜನ ನೋಡಿದ್ದು ಅಮ್ಮನ ಬೆನ್ನನ್ನು. ಆ ಬೆನ್ನ ಹಿಂದೆ ಎರಡು ಬಿಂದಿಗೆ ಬೋರಲಾಗಿ ಬಿದ್ದಿದ್ದವು.

ದೇವಿ ತಾನಾಗಿಯೇ ತಿರುಗಿದಳು ಎಂದು ಊರಿನವರು ಇಂದಿಗೂ ಹೇಳುತ್ತಾರೆ. ಅಮ್ಮ ಮೊಣಕಾಲೆತ್ತರದವಳು. ಪೀಠದ ಅಂಚಿನಲ್ಲಿ ಹಾರೆ ಮೀಟಿದ ಗುರುತು ಕಣ್ಣಿಗೆ ಹೊಡೆಯುವ ಹಾಗಿದೆ. ಇಬ್ಬರು ಹೆಂಗಸರು ಹಾರೆ ಹಿಡಿದು ತಮ್ಮ ಮುಖಕ್ಕೆ ಉಗಿದರು ಎಂದು ಒಪ್ಪಿಕೊಳ್ಳುವುದಕ್ಕಿಂತ ಪವಾಡ ನಡೆಯಿತು ಎನ್ನುವುದು ಗಂಡಸರಿಗೆ ಹಗುರ. ಯಜಮಾನ ಅಮ್ಮನನ್ನು ಮತ್ತೆ ಇತ್ತ ತಿರುಗಿಸಲು ಆಳುಗಳನ್ನು ಕರೆತಂದ. ಸಿರಿಯಮ್ಮ ತಡೆಯಲಿಲ್ಲ. “ತಿರುಗಿಸ್ರಿ. ಆದ್ರೆ ಓಟಿಗೆ ನಾನು ಏನೂ ಕೊಟ್ಟಿಲ್ಲ, ಏನೂ ಇಸ್ಕಂಡಿಲ್ಲ ಅಂತ ಮುಳುಗೆದ್ದು ಬಂದೋನು ಮೊದ್ಲು ಕೈ ಹಚ್ಲಿ” ಎಂದಷ್ಟೇ ಹೇಳಿದಳು. ಆಳುಗಳು ಹಾರೆ ಕೆಳಗಿಟ್ಟರು. ಯಜಮಾನನಿಗೆ ಮನೆಯಲ್ಲಿ ಏನೋ ತುರ್ತು ಕೆಲಸ ನೆನಪಾಯಿತು. ತಿಪ್ಪವ್ವ ಸೇವಂತಿಗೆ ಪಾತಿ ಒಣಗುವವರೆಗೂ ಇದ್ದು, ಮಗಳ ಕೈ ಹಿಡಿದು ತವರಿಗೆ ಹೋದಳು. ಅವಳು ಹೋದ ಮೇಲೆ ಹಟ್ಟಿಯ ಜಗಳಗಳೆಲ್ಲ ಸಿಂಗನಕೋಟೆಯ ಕಚೇರಿಗೆ ಹೋದವು, ಸೋತ ವಕೀಲ ಶ್ರೀಕಂಠಯ್ಯ ಅವುಗಳಿಂದ ಮಹಡಿ ಮನೆ ಕಟ್ಟಿಸಿದ.

ಈಗಲೂ ಸಿರಿಯಮ್ಮನ ಮನೆತನದ ಹೆಣ್ಣುಮಕ್ಕಳೇ ಇಲ್ಲಿ ಪೂಜೆ ಮಾಡುತ್ತಾರೆ. ಗೋಡೆಗೂ ಅಮ್ಮನಿಗೂ ನಡುವೆ ಒಬ್ಬರು ಅಡ್ಡವಾಗಿ ನುಸುಳುವಷ್ಟು ಜಾಗವಿದೆ. ಅಮ್ಮನ ಮುಖ ಕಾಣುವುದು ಅವರಿಗೆ ಮಾತ್ರ. ಗೆದ್ದವರು ಒಬ್ಬೊಬ್ಬರೂ ಗುಡಿಗೆ ಏನಾದರೂ ಮಾಡಿಸಿದ್ದಾರೆ. ಒಬ್ಬ ಟೈಲ್ಸ್ ಹಾಕಿಸಿದ, ಒಬ್ಬ ಕಬ್ಬಿಣದ ಕಟಕಟೆ ಹಾಕಿಸಿದ, ಒಬ್ಬ ಮಂತ್ರಿಯಾದ ಮೇಲೆ ದೇವಿಯನ್ನು ಶಾಸ್ತ್ರೋಕ್ತವಾಗಿ ತಿರುಗಿಸಿ ಪುನಃ ಪ್ರತಿಷ್ಠೆ ಮಾಡಿಸುತ್ತೇನೆಂದು ಪುರೋಹಿತರನ್ನೂ ಕರೆತಂದ. ಪೂಜಾರಿಣಿ ಗುಡ್ಡದ ಬುಡದ ಕಲ್ಯಾಣಿಯ ಕಡೆ ಕೈ ತೋರಿಸಿದಳು. ಮಂತ್ರಿಗೆ ಅಂದು ನೆಗಡಿಯಾಗಿತ್ತಂತೆ. ನೋಡಲು ಬಂದವರಿಗೆ ಆ ಎರಡು ಬಿಂದಿಗೆಗಳು ಇಂದಿಗೂ ಕಾಣಸಿಗುತ್ತವೆ, ಅಮ್ಮನ ಬೆನ್ನ ಹಿಂದೆ, ಬೋರಲಾಗಿ, ಹಸಿರು ಕಿಲುಬು ಹಿಡಿದು. ಅವು ಏನೆಂದು ತಿಳಿಯದೆ ನಮ್ಮ ಅಭ್ಯರ್ಥಿಗಳು ಅವಕ್ಕೂ ಕುಂಕುಮ ಹಚ್ಚಿ, ಕಣ್ಣಿಗೊತ್ತಿಕೊಂಡು, ತುಂಬಿ ನಿಂತ ಕಲ್ಯಾಣಿಯ ಪಕ್ಕದಲ್ಲೇ ಒಣಬಟ್ಟೆಯಲ್ಲಿ ನಡೆದು ಹೋಗುತ್ತಾರೆ.