ಕುಂಬಾರನ ಕಾಲು

“ಸರ್, ಹೊರಗೆ ಹೂ ಮಾರುವ ಚೌಡಮ್ಮ ಕೂತಿದ್ದಾರೆ. ಹೋದ ವರ್ಷ ಅವರ ಶ್ವಾಸಕೋಶದ ಕ್ಯಾನ್ಸರ್ ತೆಗೆದಿದ್ದರು. ಈಗ ಸ್ಕ್ಯಾನ್‌ನಲ್ಲಿ ಏನೂ ಇಲ್ಲ. ಆದರೂ ಬೆರಳು ನೋವು ಅನ್ನುತ್ತಾರೆ. ದಿನವೆಲ್ಲ ಹೂ ಕಟ್ಟುವ ಕೈ ನೋಯದೆ ಇರುತ್ತದೆಯೇ? ಈ ರೋಗ ಬೆರಳಿಗೆ ಹರಡುವುದು ಸಾವಿರದಲ್ಲಿ ಒಬ್ಬರಿಗೆ. ಮನೆಗೆ ಕಳಿಸಿಬಿಡಲೇ?”

ಹೀಗೆ ಕೇಳಿದವಳು ವಾರಿಜಾ, ಸ್ಕ್ಯಾನ್ ಓದುವ ವಿದ್ಯೆ ಕಲಿಯುತ್ತಿದ್ದ ವೈದ್ಯೆ. ಗುರುಗಳಾದ ಸದಾಶಿವಯ್ಯನವರು ನಕ್ಕರು. “ಕಳಿಸೋಣವಂತೆ. ಮೊದಲು ಒಂದು ಕತೆ ಕೇಳು” ಎಂದರು. ಅವರು ಕತೆ ಶುರು ಮಾಡಿದರೆ ನಡುವೆ ಏಳುವಂತಿಲ್ಲ. ವಾರಿಜಾ ಕುರ್ಚಿ ಎಳೆದುಕೊಂಡಳು.

ಒಬ್ಬ ಕುಂಬಾರನಿದ್ದ. ಕ್ಯಾನ್ಸರ್ ಹಿಡಿದ ಅವನ ಒಂದು ಮೂತ್ರಪಿಂಡವನ್ನು ತೆಗೆದಿದ್ದರು. ಆಮೇಲೆ ಗಟ್ಟಿಮುಟ್ಟಾಗಿಯೇ ಇದ್ದ. ಆದರೆ ಮಣ್ಣು ತುಳಿಯುವಾಗ ಹಿಮ್ಮಡಿ ನೋಯತೊಡಗಿತು. ವೈದ್ಯ ಸ್ಕ್ಯಾನ್ ಮಾಡಿಸಿ ನೋಡಿದ. ಎಲ್ಲಿಯೂ ಏನೂ ಇರಲಿಲ್ಲ.

“ಮಣ್ಣು ತುಳಿಯುವವನಿಗೆ ಹಿಮ್ಮಡಿ ನೋಯದೆ ಕಿವಿ ನೋಯುತ್ತದೆಯೇನಯ್ಯಾ? ನೋಡು, ಒಳಗೆಲ್ಲ ತೊಳೆದಿಟ್ಟ ಹಾಗಿದೆ” ಎಂದು ಪರದೆಯನ್ನು ಅವನ ಕಡೆ ತಿರುಗಿಸಿದ.

ಕುಂಬಾರ ಮೇಲಿಂದ ಕೆಳಗೆ ನೋಡಿದ. ಬಗ್ಗಿ ಪರದೆಯ ಅಡಿಗೂ ಇಣುಕಿದ.

“ಎಲ್ಲ ಸರಿ ಸ್ವಾಮಿ, ನನ್ನ ಕಾಲೆಲ್ಲಿ?”

ವೈದ್ಯನಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಪರದೆ ನೋಡಿದ, ಕಾಲು ನಿಜಕ್ಕೂ ಇರಲಿಲ್ಲ. ಅಲ್ಲಿನ ರೂಢಿಯಂತೆ ತಲೆಯಿಂದ ತೊಡೆಯವರೆಗೆ ಮಾತ್ರ ಚಿತ್ರ ತೆಗೆದಿದ್ದರು. ರೋಗವೂ ಆ ರೂಢಿಯನ್ನು ಪಾಲಿಸುತ್ತದೆ ಎಂದು ಎಲ್ಲರೂ ನಂಬಿಕೊಂಡಿದ್ದರು.

ಅವತ್ತೇ ಕಾಲಿನ ಚಿತ್ರ ತೆಗೆಸಿದ. ಹಿಮ್ಮಡಿಯ ಮೂಳೆಯಲ್ಲಿ ಕಡಲೆಕಾಳಿನಷ್ಟು ಗಂಟು. ಹಳೆಯ ಕ್ಯಾನ್ಸರೇ ಬಂದು ಕೂತಿತ್ತು. ಆದರೆ ಅದೊಂದೇ, ಬೇರೆಲ್ಲೂ ಇಲ್ಲ. ಅಬ್ಬಾ, ಆ ವೈದ್ಯನಿಗಾದ ಸಂತೋಷ! ಸಿಕ್ಕಿಬಿದ್ದ ಕಳ್ಳನನ್ನು ಕಂಡು ಯಾರೂ ಅಷ್ಟು ಹಿಗ್ಗಿರಲಿಕ್ಕಿಲ್ಲ. ಗಂಟನ್ನು ತೆಗೆದರು, ಕಿರಣ ಚಿಕಿತ್ಸೆ ಕೊಟ್ಟರು. ಮೂಳೆ ಕೂಡಿಕೊಂಡ ಮೇಲೆ ಕುಂಬಾರ ಮತ್ತೆ ಮಣ್ಣಿಗಿಳಿದ. ದೀಪಾವಳಿಗೆ ಒಂದು ಬುಟ್ಟಿ ಹಣತೆ ಹೊತ್ತು ಬಂದು, “ತುಳಿದದ್ದು ಇದೇ ಕಾಲು ಸ್ವಾಮಿ” ಎಂದು ಹಿಮ್ಮಡಿ ಎತ್ತಿ ತೋರಿಸಿದ.

ವಾರಿಜಾಳಿಗೂ ನಗು ಬಂತು. ಆದರೂ ಪಟ್ಟು ಬಿಡಲಿಲ್ಲ. “ಆದರೆ ಸರ್, ಅಂಥವನು ಸಾವಿರಕ್ಕೊಬ್ಬನಲ್ಲವೇ?”

“ಸಾವಿರ ನಮ್ಮ ಲೆಕ್ಕ ತಾಯಿ. ಅವನಿಗಿದ್ದದ್ದು ಎರಡೇ ಕಾಲು.”

ವಾರಿಜಾ ಚೌಡಮ್ಮನ ಸ್ಕ್ಯಾನ್ ತೆರೆದು ನೋಡಿದಳು, ಅದರಲ್ಲೂ ಬೆರಳುಗಳಿರಲಿಲ್ಲ. ಎದ್ದು ಹೊರಗೆ ಹೋಗಿ ಚೌಡಮ್ಮನ ಪಕ್ಕ ಕೂತು, ಅವರ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು.