ಸೇತುವೆ ತೆರೆದಿದ್ದಕ್ಕೆ ಸಿಟ್ಟಾದವಳು

"ಬುದ್ಧಿ, ಒಳ್ಳೇ ಕೆಲಸಕ್ಕೆ ಕೂತೋರಿಗೇ ಯಾಕೆ ಹಿಂಗೆ ಅಡ್ಡಿ ಮೇಲೆ ಅಡ್ಡಿ?"

ಶಿಷ್ಯ ಮುಖ ಗಂಟಿಕ್ಕಿಕೊಂಡು ಬಂದು ಕೇಳಿದ. ದಯೆ ಅನ್ನೋದರ ಮೇಲೆ ಅವನೊಂದು ಪುಸ್ತಕ ಬರೀತಿದ್ದ. ಅವತ್ತು ಬೆಳಗ್ಗಿಂದ ಮಠದ ಬಾಗಿಲು ಬಡಿಯೋರು ಬಡೀತಾನೇ ಇದ್ರು. ಒಬ್ಬರಿಗೆ ನೀರು ಬೇಕು, ಒಬ್ಬರಿಗೆ ಊಟ ಬೇಕು, ಇನ್ನೊಬ್ಬಳಿಗೆ ಮಗು ಮಲಗಿಸೋಕೆ ಜಾಗ ಬೇಕು. ಒಂದು ಸಾಲು ಬರೆಯೋಕೆ ಬಿಡಲ್ಲ ಅಂದ್ರೆ ಹೆಂಗೆ?

"ಕೂತ್ಕೊ, ಒಬ್ಬಳ ಕತೆ ಹೇಳ್ತೀನಿ" ಅಂದ್ರು ಸ್ವಾಮಿಗಳು.

ದೊಡ್ಡ ಪಟ್ಟಣದಲ್ಲಿ ಒಂದು ಕಾಲೇಜು. ಅಲ್ಲಿ ಓದೋದು ಬೇರೇನಲ್ಲ, ದೇಶ ದೇಶಗಳ ಜಗಳ. ಪಕ್ಕದ ಮನೆ ಜಗಳಕ್ಕೆ ನಾವು ಕಿವಿ ಕೊಟ್ರೆ ಚಾಡಿಕೋರರು ಅಂತಾರೆ. ದೇಶದ ಜಗಳಕ್ಕೆ ಕಿವಿ ಕೊಟ್ರೆ ಡಾಕ್ಟರೇಟ್ ಕೊಡ್ತಾರೆ. ಅದಕ್ಕೆ ಅಂತ ಒಬ್ಬ ಹುಡುಗಿ ಹೋಗಿ ಸೇರಿದ್ಲು. ಸೇರುವಾಗ ಹುಡುಗಿ. ಈಗ ಬೈತಲೆ ಪಕ್ಕ ಬಿಳಿಕೂದಲು.

ಅವಳು ಹಿಡಿದಿದ್ದು ಒಂದು ಸೇತುವೆ. ಎರಡು ದೇಶದ ಮಧ್ಯೆ ಹೊಳೆ, ಹೊಳೆ ಮೇಲೆ ಸೇತುವೆ, ಸೇತುವೆಯ ಎರಡು ತುದಿಗೂ ಗೇಟು, ಗೇಟಿಗೆ ಬೀಗ. ಈ ಸೇತುವೆ ಯಾಕೆ ಯಾವತ್ತೂ ತೆರೆಯಲ್ಲ ಅಂತ ಅವಳು ಸಾಬೀತು ಮಾಡಬೇಕು. ಅದೇ ಅವಳ ಥೀಸಿಸ್ಸು.

ಮಾಡೋಕೆ ಬಿಟ್ರೆ ತಾನೆ. ಗೈಡು ಓದಿ, "ಚೆನ್ನಾಗಿದೆ, ಆದ್ರೆ ನಿನ್ನ ಪ್ರಶ್ನೆ ಏನು?" ಅನ್ನೋರು. ಪ್ರಶ್ನೆ ಬದಲಾಯಿಸ್ಕೊಂಡು ಹೋದ್ರೆ, "ಮೊದಲಿನದೇ ವಾಸಿ ಇತ್ತು" ಅನ್ನೋರು. ಸಮಿತೀಲಿ ಕೂತ ಒಬ್ಬರಿಗೆ ಅಂಕಿ ಅಂಶ ಬೇಕು. ಇನ್ನೊಬ್ಬರಿಗೆ ಅಂಕಿ ಅಂಶ ಕಂಡ್ರೆ ಮೈ ಉರಿ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡ್ತಿರಲಿಲ್ಲ. ಮಕ್ಕಳಿಗೆ ಕಲಿಸ್ತಿದ್ದದ್ದು ಮಾತ್ರ ಸಂಧಾನ ಮಾಡೋದು ಹೆಂಗೆ ಅಂತ. ಮನೆಗೆ ಫೋನ್ ಮಾಡಿದ್ರೆ ಅವಳಮ್ಮ, "ಅದೆಂಥ ಜಗಳನೇ ಅದು, ಓದಿದಷ್ಟೂ ಮುಗಿಯಲ್ಲ ಅನ್ನೋದು? ಅವರೇ ರಾಜಿ ಆಗ್ತಾರೇನೋ, ನೀನು ಎದ್ದು ಬರಲ್ಲ" ಅಂತ ಮೂದಲಿಸೋಳು. ಹಾಸ್ಟೆಲಲ್ಲಿ ಪಕ್ಕದ ಕೋಣೆಯವಳು ಬೇರೆಲ್ಲೋ ನಡೀತಿದ್ದ ಯುದ್ಧದ ಮೇಲೆ ಬರೀತಿದ್ಲು. "ನಿಂಗೇನಮ್ಮ, ನಿನ್ನ ಯುದ್ಧ ಚೆನ್ನಾಗಿ ನಡೀತಿದೆ" ಅಂತ ಇವಳಿಗೆ ಅವಳ ಮೇಲೆ ಹೊಟ್ಟೆಕಿಚ್ಚು.

ಜನರನ್ನ ಮಾತಾಡಿಸ್ಕೊಂಡು ಬಾ ಅಂತ ಗೈಡು ಅಂದಿದ್ದಕ್ಕೆ ಹುಡುಗಿ ಹೊಳೆ ದಂಡೆ ಊರಿಗೆ ಹೋಗಿ ಒಬ್ಬ ಹೆಂಗಸಿನ ಮನೇಲಿ ಇಳ್ಕೊಂಡ್ಲು. ಆ ಹೆಂಗಸು ಮಗಳನ್ನ ಆಚೆ ದಡಕ್ಕೆ ಮದುವೆ ಮಾಡಿ ಕೊಟ್ಟಿದ್ಲು. ಆಮೇಲೆ ಬೀಗ ಬಿತ್ತು. ಫೋನು ಕೂಡ ಆಚೆಗೆ ಹೋಗಲ್ಲ. ತಾಯಿ ಈ ದಡದಲ್ಲಿ ಬಟ್ಟೆ ಒಗೆಯೋಳು, ಮಗಳು ಆ ದಡದಲ್ಲಿ ಒಗೆಯೋಳು. ಮುಖ ಕಾಣಲ್ಲ, ಸೀರೆ ಬಣ್ಣ ನೋಡಿ ಗುರುತು ಹಿಡೀಬೇಕು. ಅದೇ ಅವರ ತವರುಮನೆ ಭೇಟಿ. ಹುಡುಗಿ ಅದನ್ನೆಲ್ಲ ಬರ್ಕೊಂಡ್ಲು. ಆ ತಾಯಿ ಬಡಿಸಿದ್ದು ಉಂಡ್ಲು, ತಲೆಗೆ ಎಣ್ಣೆ ಹಚ್ಚಿಸ್ಕೊಂಡ್ಲು, ವಾಪಸ್ ಬಂದ್ಲು. ಆ ಅಧ್ಯಾಯ ಓದಿ ಗೈಡು ಮೊದಲನೇ ಸಲ ನಕ್ರು. "ಈ ಹೆಂಗಸು ಚಿನ್ನ ಕಣಮ್ಮ. ಇವಳ ಮೇಲೇ ಥೀಸಿಸ್ ನಿಲ್ಲಿಸು."

ನಿಲ್ಲಿಸಿದ್ಲು. ಇನ್ನೇನು ಕೊನೇ ಅಧ್ಯಾಯ ಒಂದು ಬಾಕಿ. ಆಗ ಆ ಹೆಂಗಸು ಫೋನ್ ಮಾಡಿದ್ಲು.

"ಮಗಾ, ಸೇತುವೆ ಬಿಟ್ರು ಕಣೇ. ನಾಳೆ ಹೋಗ್ತೀನಿ. ನನ್ನ ಮಗಳು ಬಗ್ಗಿ ಒಗೆಯೋಕೆ ಆಗ್ದೆ ನಿಂತ್ಕೋತಿದ್ಲು, ದೂರದಿಂದಾನೂ ಕಾಣ್ತಿತ್ತು. ತಿಂಗಳು ತುಂಬಿದೆ. ಬಾಣಂತನ ನಾನೇ ಮಾಡ್ತೀನಿ."

ಹುಡುಗಿ ಮೇಜಿನ ಮೇಲಿದ್ದ ಥೀಸಿಸ್ ಹಾಳೆ ನೋಡಿದ್ಲು. ಇಷ್ಟು ವರ್ಷ ತೆರೆಯದ್ದು ಈಗ ತೆರೀಬೇಕಾ?

"ಇನ್ನೆರಡು ತಿಂಗಳು ತಡೆದಿದ್ರೆ ಏನಾಗ್ತಿತ್ತಮ್ಮ ಅವರಿಗೆ?" ಅಂದುಬಿಟ್ಲು.

ಆ ಹೆಂಗಸು, "ನಿಂದು ಊಟ ಆಯ್ತಾ ಮಗಾ?" ಅಂತ ಕೇಳಿ ಫೋನ್ ಇಟ್ಲು.

ಗೈಡ್ ಹತ್ರ ಓಡಿದ್ಲು. "ಗಾಬರಿ ಬೇಡ. ಇಂಥ ಸ್ನೇಹ ಬಾಳಲ್ಲ. ಕಾದು ನೋಡು" ಅಂದ್ರು. ದಿನಾ ಬೆಳಗ್ಗೆ ಎದ್ದು ಪೇಪರ್ ಹಿಡ್ಕೊಂಡು ಕೂರೋಳು. ಸೇತುವೆ ಮೇಲೆ ಜನ ಅಪ್ಪಿಕೊಳ್ತಿರೋ ಫೋಟೋ ಬಂದ್ರೆ ಪೇಪರ್ ಮಡಚಿ ಬಿಸಾಕೋಳು. ನಗೋಕೆ ಇವರಿಗೆ ಬೇರೆ ಹೊತ್ತು ಸಿಗಲಿಲ್ವಾ ಅಂತ.

ಒಂದು ದಿನ ಅವಳು ಕಾದಿದ್ದೇ ಬಂತು. ಎರಡು ಕಡೆ ಕಾವಲಿನವರು ಸೇತುವೆ ಮಧ್ಯೆ ಕಿತ್ತಾಡಿದ್ರು, ಗುಂಡು ಹಾರ್ತು, ಗೇಟು ಬಿತ್ತು, ಮತ್ತೆ ಬೀಗ. ಓದಿ ಮುಗಿಸಿ ಹುಡುಗಿ ಇನ್ನೊಂದು ಲೋಟ ಕಾಫಿ ತರಿಸ್ಕೊಂಡ್ಲು. ಎಷ್ಟು ದಿನದ ಮೇಲೋ ಕಾಫಿ ರುಚಿ ಹತ್ತಿತು. ಅವತ್ತೇ ಕೂತು ಕೊನೇ ಅಧ್ಯಾಯ ಬರೆದು ಮುಗಿಸಿದ್ಲು.

ಮೌಖಿಕ ಪರೀಕ್ಷೆ ದಿನ ಎಲ್ಲರೂ ಮೇಜಿನ ಸುತ್ತ ಕೂತ್ರು. ಅಂಕಿ ಅಂಶದವರೂ ಬಂದ್ರು, ಅವರನ್ನ ಕಂಡ್ರೆ ಆಗದವರೂ ಬಂದ್ರು. ಹುಡುಗಿ ಹೊಸ ಸೀರೆ ಉಟ್ಟು ನಿಂತಿದ್ಲು. ಗೈಡು ಗಂಟಲು ಸರಿಮಾಡ್ಕೊಂಡ್ರು.

ಸ್ವಾಮಿಗಳು ಅಲ್ಲಿಗೆ ನಿಲ್ಲಿಸಿದ್ರು.

ಶಿಷ್ಯ ಮುಂದಕ್ಕೆ ಬಗ್ಗಿದ. "ಆಮೇಲೆ, ಬುದ್ಧಿ? ಡಾಕ್ಟರೇಟ್ ಸಿಕ್ತಾ ಇಲ್ವಾ?"

"ಆ ತಾಯಿ ಮಗಳು ಏನಾದ್ರು ಅಂತ ಕೇಳ್ತೀಯೇನೋ ಅಂದ್ಕೊಂಡಿದ್ದೆ."